ಮೆಲುದನಿಯಲ್ಲಿ ತಂಬೂರಿ: ರಾತ್ರಿಯ ಆಲಿಕೆಗೆ ಒಂದು ಹಜಾರವನ್ನು ಹದಗೊಳಿಸಿದ ಪ್ರಕರಣ

ಬೆಂಗಳೂರಿನ ಬಸವೇಶ್ವರನಗರದ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಲ್ಲಿ ವಾಸವಾಗಿರುವ ಸಂಗೀತಾಸಕ್ತರೊಬ್ಬರು, ತಮ್ಮಲ್ಲಿರುವ ಆಂಪ್ಲಿಫೈಯರನ್ನು ಮಾರಿ ಅದರ ಎರಡು ಪಟ್ಟು ಶಕ್ತಿಯದನ್ನೂ ಜೊತೆಗೆ ಎದೆಯೆತ್ತರದ ಸ್ಪೀಕರುಗಳನ್ನೂ ತರಬೇಕೆಂದು ನಿಶ್ಚಯಿಸಿ, ಹಣ ಕಟ್ಟುವ ಮೊದಲು ನನ್ನ ಅಭಿಪ್ರಾಯ ಕೇಳಿದರು. ಅವರ ದೂರು ಸ್ಪಷ್ಟವಾಗಿತ್ತು. ಭಾನುವಾರದ ಹಗಲಿನಲ್ಲಿ ದನಿ ಏರಿಸಿದಾಗ ಅದೇ ಸ್ಪೀಕರುಗಳು ಚೆನ್ನಾಗಿ ಹಾಡುತ್ತವೆ. ಆದರೆ ಅವರು ನಿಜವಾಗಿ ಸಂಗೀತ ಕೇಳುವುದು ರಾತ್ರಿ ಹತ್ತರ ಮೇಲೆ, ಪಕ್ಕದ ಕೋಣೆಯಲ್ಲಿ ವಯಸ್ಸಾದ ತಾಯಿ ಮಲಗಿರುವಾಗ, ಕೆಳಗಿನ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವಾಗ. ಆ ಹೊತ್ತಿನಲ್ಲಿ ತಗ್ಗಿದ ದನಿಯಲ್ಲಿ ತಂಬೂರಿ ತಗಡಿನಂತೆ ಕೇಳುತ್ತದೆ, ಡಗ್ಗಾದ ಗುಮುಕು ಮಾಯವಾಗುತ್ತದೆ, ಗಾಯಕನ ಮಂದ್ರದ ಸ್ವರಗಳು ಇದ್ದೂ ಇಲ್ಲದಂತಾಗುತ್ತವೆ. ಅಂಗಡಿಯವರು ಹೇಳಿದ್ದು, ಕಡಿಮೆ ದನಿಯಲ್ಲಿ ಈ ಸ್ಪೀಕರುಗಳು "ಏಳುವುದೇ ಇಲ್ಲ", ಅವನ್ನು ಎಬ್ಬಿಸಲು ಹೆಚ್ಚು ವ್ಯಾಟುಗಳು ಬೇಕು ಎಂದು.

ಹೆಡ್‌ಫೋನ್ ಏಕಾಗದು ಎಂಬ ಪ್ರಶ್ನೆ ಸಹಜವಾದದ್ದು. ದಂಪತಿಗಳಿಬ್ಬರೂ ಒಟ್ಟಿಗೆ ಕೇಳುತ್ತಾರೆ ಎಂಬುದೊಂದೇ ಅದಕ್ಕೆ ಸಾಕಾದ ಉತ್ತರವಾಗಿತ್ತು, ಆದ್ದರಿಂದ ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು.

ಇದ್ದ ಪರಿಸ್ಥಿತಿ

ಹಜಾರದ ಉದ್ದ 4.9 ಮೀಟರ್, ಅಗಲ 3.4 ಮೀಟರ್, ಎತ್ತರ 2.9 ಮೀಟರ್. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗಳಿಗೆ ಸಿಮೆಂಟಿನ ಗಾರೆ, ಒಂದು ಕಡೆ ಗಾಜಿನ ಜಾರುಬಾಗಿಲು. ಸ್ಪೀಕರುಗಳು ಐದು ಇಂಚು ವೂಫರಿನ (ಕೆಳಸ್ವರಗಳನ್ನು ನುಡಿಸುವ ಭಾಗ), ಹಿಂಬದಿಯಲ್ಲಿ ಗಾಳಿಕಿಂಡಿಯಿರುವ ಪುಸ್ತಕಕಪಾಟಿನ ಗಾತ್ರದವು. ತಯಾರಕರು ನಮೂದಿಸಿದ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬರುವ ದನಿ, 86 ಡೆಸಿಬೆಲ್. ಆಂಪ್ಲಿಫೈಯರ್ 80 ವ್ಯಾಟಿನದು. ಸಂಗೀತ ಬರುವುದು ಇಂಟರ್‌ನೆಟ್ಟಿನಿಂದ ಹಾಡು ತರುವ ನೆಟ್‌ವರ್ಕ್ ಸ್ಟ್ರೀಮರಿನಿಂದ. ಸ್ಪೀಕರುಗಳನ್ನು ಗೋಡೆಯಿಂದ ಮುಂದಕ್ಕೆ ತಂದು, ಅವುಗಳ ಮುಖ ಗೋಡೆಯಿಂದ 60 ಸೆಂಟಿಮೀಟರ್ ದೂರದಲ್ಲಿರುವಂತೆ ಸ್ಟ್ಯಾಂಡಿನ ಮೇಲೆ ಇರಿಸಿದ್ದರು, ಏಕೆಂದರೆ ಎಲ್ಲರೂ ಕೊಡುವ ಸಲಹೆ ಅದೇ. ಸೋಫಾ ಇದ್ದದ್ದು ಅಲ್ಲಿಂದ 3.4 ಮೀಟರ್ ಆಚೆ.

ಮೊದಲು ವ್ಯಾಟಿನ ಲೆಕ್ಕವನ್ನು ಮುಗಿಸಿಬಿಡುವುದು ಒಳ್ಳೆಯದೆನಿಸಿತು. ರಾತ್ರಿ ಅವರು ಇಟ್ಟುಕೊಳ್ಳುವ ಮಟ್ಟದಲ್ಲಿ ಸೋಫಾದ ಬಳಿ ಸಂಗೀತದ ಸರಾಸರಿ ಸುಮಾರು 54 ಡೆಸಿಬೆಲ್ ಇತ್ತು. ಈ ಸ್ಪೀಕರುಗಳಿಗೆ ತಲಾ ಒಂದು ವ್ಯಾಟ್ ಕೊಟ್ಟರೆ ಅದೇ ಜಾಗದಲ್ಲಿ ಹೆಚ್ಚುಕಡಿಮೆ 80 ಡೆಸಿಬೆಲ್ ಬರುತ್ತದೆ. ಹತ್ತು ಡೆಸಿಬೆಲ್ ಇಳಿದಾಗಲೆಲ್ಲ ಬೇಕಾಗುವ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯುವುದರಿಂದ, 26 ಡೆಸಿಬೆಲ್ ಇಳಿಕೆಯ ಆ ಮಟ್ಟಕ್ಕೆ ಬೇಕಾಗುವುದು ಮೂರು ಮಿಲಿವ್ಯಾಟಿಗಿಂತ ಕಡಿಮೆ. ತಬಲಾದ ಪೆಟ್ಟು ಸರಾಸರಿಗಿಂತ 15 ಡೆಸಿಬೆಲ್ ಮೇಲೆ ಚಿಮ್ಮಿದರೂ ಬೇಕಾದದ್ದು ಒಂದು ವ್ಯಾಟಿನ ಹತ್ತರಲ್ಲೊಂದು ಪಾಲಿನೊಳಗೆ. 80 ವ್ಯಾಟಿನ ಯಂತ್ರದ ಸಾವಿರದಲ್ಲೊಂದು ಪಾಲನ್ನೂ ಸರಿಯಾಗಿ ಬಳಸದವರಿಗೆ 160 ವ್ಯಾಟಿನ ಯಂತ್ರ ಏನು ಮಾಡಿಕೊಡಬೇಕು? ಸ್ಪೀಕರ್ "ಏಳುವುದಿಲ್ಲ" ಎಂಬ ಮಾತೂ ನನಗೆ ಒಪ್ಪಿಗೆಯಾಗುವಂಥದ್ದಲ್ಲ. ವೂಫರಿನ ಕೋನ್ ಅತಿ ಸಣ್ಣ ಚಲನೆಯಲ್ಲಿಯೇ ಹೆಚ್ಚು ನಿಷ್ಠೆಯಿಂದ ನಡೆದುಕೊಳ್ಳುತ್ತದೆ; ಅದು ತಪ್ಪುವುದು ದೊಡ್ಡ ಚಲನೆಯಲ್ಲಿ. ಕಡಿಮೆ ದನಿಯಲ್ಲಿ ಸಂಗೀತ ಸಪ್ಪೆಯಾಗುವುದಕ್ಕೆ ಕಾರಣಗಳನ್ನು ಪೆಟ್ಟಿಗೆಯ ಹೊರಗೆ ಹುಡುಕಬೇಕು: ಒಂದು ಕಾರಣ ಕೇಳುವವರ ಕಿವಿ, ಇನ್ನೊಂದು ಅವರು ಕುಳಿತ ಕೋಣೆ.

ಕಿವಿಯ ಪಕ್ಷಪಾತ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿ ಪ್ರಕಟಿಸಿದ ಸಮಶ್ರವಣ ವಕ್ರರೇಖೆಗಳು, ಅಂದರೆ ಬೇರೆ ಬೇರೆ ಸ್ವರಗಳು ಕಿವಿಗೆ ಸಮನಾಗಿ ಕೇಳಲು ಎಷ್ಟೆಷ್ಟು ಡೆಸಿಬೆಲ್ ಬೇಕೆಂದು ತೋರಿಸುವ ರೇಖೆಗಳು, ಈ ಕ್ಷೇತ್ರದಲ್ಲಿ ಇಂದಿಗೂ ಬಾಯಲ್ಲಿರುವ ಹೆಸರು. ಆ ಬಳಿಕ 1956ರಲ್ಲಿ ಇಂಗ್ಲೆಂಡಿನ ರಾಬಿನ್ಸನ್ ಮತ್ತು ಡ್ಯಾಡ್ಸನ್ ಅವನ್ನು ಹೊಸದಾಗಿ ಅಳೆದರು; 2003ರಲ್ಲಿ ಪರಿಷ್ಕೃತವಾದ ಐಎಸ್‌ಒ 226 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಅಂಕಿಗಳು ಇನ್ನಷ್ಟು ಬದಲಾದವು. ಅವೆಲ್ಲದರ ತಾತ್ಪರ್ಯ ಒಂದೇ: ಎಲ್ಲ ಸ್ವರಗಳನ್ನೂ ಕಿವಿ ಸಮನಾಗಿ ಕೇಳುವುದಿಲ್ಲ, ಮತ್ತು ದನಿ ಇಳಿದಷ್ಟೂ ಆ ಅಸಮಾನತೆ ಹೆಚ್ಚುತ್ತದೆ. 1000 ಹರ್ಟ್ಸಿನ ಸ್ವರವೊಂದು 40 ಡೆಸಿಬೆಲ್ಲಿನಲ್ಲಿ ಎಷ್ಟು ಜೋರಾಗಿ ಕೇಳುತ್ತದೆಯೋ ಅಷ್ಟೇ ಜೋರಾಗಿ 100 ಹರ್ಟ್ಸಿನ ಸ್ವರ ಕೇಳಬೇಕಾದರೆ ಅದು ಸುಮಾರು 64 ಡೆಸಿಬೆಲ್ ಇರಬೇಕು. 50 ಹರ್ಟ್ಸ್ ಆದರೆ ಸುಮಾರು 78.

ಅಷ್ಟಾದರೂ, ಎಲ್ಲ ಮಟ್ಟಗಳಲ್ಲೂ ಅಂತರ ಅದೇ ಆಗಿದ್ದರೆ ತೊಂದರೆ ಇರುತ್ತಿರಲಿಲ್ಲ. ಗಾಯಕನ ಎದುರು ಕುಳಿತು ಕೇಳುವಾಗಲೂ ಇದೇ ಕಿವಿ ಇರುತ್ತದೆ ತಾನೆ? ತೊಂದರೆ ಬರುವುದು ಅಂತರ ಬದಲಾಗುವುದರಿಂದ. 1000 ಹರ್ಟ್ಸಿನಲ್ಲಿ 80 ಡೆಸಿಬೆಲ್ಲಿನಿಂದ 40ಕ್ಕೆ ಇಳಿದಾಗ ಕಿವಿಗೆ ಆಗುವಷ್ಟೇ ಇಳಿಕೆಯ ಅನುಭವ 100 ಹರ್ಟ್ಸಿನಲ್ಲಿ ಕೇವಲ 28 ಡೆಸಿಬೆಲ್ ಇಳಿದರೆ ಆಗಿಬಿಡುತ್ತದೆ, 50 ಹರ್ಟ್ಸಿನಲ್ಲಿ ಸುಮಾರು 24ಕ್ಕೆ. ಆದರೆ ಆಂಪ್ಲಿಫೈಯರಿನ ಗುಂಡಿ ಎಲ್ಲ ಸ್ವರಗಳನ್ನೂ ಒಂದೇ ಸಮನೆ 40 ಡೆಸಿಬೆಲ್ ಇಳಿಸುತ್ತದೆ. ಹಾಗಾಗಿ ಕೆಳಸ್ವರಗಳು ತಮ್ಮ ಪಾಲಿಗಿಂತ ಹನ್ನೆರಡರಿಂದ ಹದಿನಾರು ಡೆಸಿಬೆಲ್ ಹೆಚ್ಚು ಕಳೆದುಕೊಳ್ಳುತ್ತವೆ. ನಮ್ಮ ಪ್ರಕರಣದಲ್ಲಿ ಇಳಿಕೆ ಇಷ್ಟು ತೀವ್ರವಲ್ಲ. ಹತ್ತಿರ ಕುಳಿತು ಕೇಳುವ ಕಚೇರಿಯ ಮಟ್ಟವನ್ನು 75 ಡೆಸಿಬೆಲ್ ಎಂದಿಟ್ಟುಕೊಂಡರೆ, 54ಕ್ಕೆ ಇಳಿದಾಗ 100 ಹರ್ಟ್ಸಿನ ಸುತ್ತಮುತ್ತ ಆರೇಳು ಡೆಸಿಬೆಲ್ಲಿನಷ್ಟು, 50 ಹರ್ಟ್ಸಿನಲ್ಲಿ ಎಂಟರಷ್ಟು ನಷ್ಟ. ಇದು ಕಿವಿಯ ಸ್ವಭಾವವಾದ್ದರಿಂದ ಎಷ್ಟು ಲಕ್ಷ ಕೊಟ್ಟು ತಂದ ಸ್ಪೀಕರಿಗೂ ಈ ನಷ್ಟ ತಪ್ಪಿದ್ದಲ್ಲ.

ಇಲ್ಲಿ ಹೆಚ್ಚಿನವರು ನೇರವಾಗಿ ಬಾಸ್ ಗುಂಡಿಗೆ ಕೈ ಹಾಕುತ್ತಾರೆ. ನಾವು ಅದನ್ನು ಕೊನೆಗೆ ಇಟ್ಟುಕೊಂಡೆವು. ಕೋಣೆಯ ಗದ್ದಲವನ್ನು ತಗ್ಗಿಸದೆ, ಕುಳಿತುಕೊಳ್ಳುವ ಜಾಗವನ್ನು ಸರಿಪಡಿಸದೆ ಬಾಸ್ ಏರಿಸಿದರೆ ಸಿಗುವುದು ಗುಂಯ್ ಎನ್ನುವ ಮಬ್ಬು ಮಾತ್ರ, ತಂಬೂರಿಯಲ್ಲ. ಈ ಪ್ರಕರಣದಿಂದ ನನಗೆ ಹೇಳಬೇಕಾದ ಮುಖ್ಯ ಮಾತೆಂದರೆ ಈ ಅನುಕ್ರಮವೇ.

ಗದ್ದಲ

ಅಳತೆಗೆ ಬಳಸಿದ್ದು ಐಫೋನಿಗೆ ಉಚಿತವಾಗಿ ಸಿಗುವ, ಅಮೆರಿಕದ ನಿಯೋಷ್ ಎಂಬ ಸರ್ಕಾರಿ ಸಂಸ್ಥೆಯ ಧ್ವನಿಮಾಪಕ ಆ್ಯಪ್. ತೀರಾ ಕೆಳಮಟ್ಟದಲ್ಲಿ ಫೋನಿನ ಮೈಕನ್ನು ಅಕ್ಷರಶಃ ನಂಬಬಾರದು, ಆದರೆ ಮೊದಲಿಗಿಂತ ಎಷ್ಟು ಇಳಿಯಿತು ಎಂದು ಹೋಲಿಸಲು ಅದು ಸಾಕು. ಎಲ್ಲರೂ ಮಲಗಿದ ಮೇಲೆ, ಫ್ಯಾನ್ ನಾಲ್ಕರಲ್ಲಿ ಓಡುತ್ತಿದ್ದಾಗ ಸೋಫಾದ ಬಳಿ 44 ಡೆಸಿಬೆಲ್ ಎ (ಕೆಳಸ್ವರಗಳನ್ನು ಕಡಿಮೆ ಎಣಿಸುವ ಅಳತೆ) ತೋರಿಸಿತು. ಫ್ಯಾನ್ ಆರಿಸಿದರೆ 34ಕ್ಕೆ ಇಳಿಯಿತು. ಉಳಿದ ಗುಂಯ್‌ಕಾರ ಎಲ್ಲಿಂದ ಬರುತ್ತಿದೆಯೆಂದು ಕಿವಿಗೊಟ್ಟರೆ, ಟಿವಿ ಕಪಾಟಿನ ಕೆಳಗಿದ್ದ ಇನ್ವರ್ಟರ್. ಬ್ಯಾಟರಿ ಚಾರ್ಜಾಗುವಾಗ ಅದರ ಟ್ರಾನ್ಸ್‌ಫಾರ್ಮರ್ ಮಿಡಿಯುವ ಸದ್ದು. ಹಗಲಿನಲ್ಲಿ ಯಾರ ಗಮನಕ್ಕೂ ಬಾರದ ವಸ್ತು.

ಈಗ ಲೆಕ್ಕ ನೋಡಿ. ಸಂಗೀತದ ಸರಾಸರಿ 54, ಗದ್ದಲ 44. ನಡುವೆ ಉಳಿದದ್ದು ಹತ್ತು ಡೆಸಿಬೆಲ್. ಖಯಾಲಿನ ವಿಲಂಬಿತದ ಆರಂಭದ ಆಲಾಪವೂ ಹಿನ್ನೆಲೆಯ ತಂಬೂರಿಯೂ ಸರಾಸರಿಗಿಂತ ಹತ್ತು ಹದಿನೈದು ಡೆಸಿಬೆಲ್ ಕೆಳಗಿರುವುದು ತೀರಾ ಸಾಮಾನ್ಯ. ಅಷ್ಟನ್ನೂ ಫ್ಯಾನ್ ನುಂಗಿಹಾಕುತ್ತಿತ್ತು. ಕಿವಿಗೆ ಸಿಗುತ್ತಿದ್ದದ್ದು ಸಂಗೀತದ ಮೇಲ್ಭಾಗ ಮಾತ್ರ, ಹೊಳೆಯ ನೀರು ಏರಿದಾಗ ಬಂಡೆಗಳ ನೆತ್ತಿಯಷ್ಟೇ ಕಾಣುವ ಹಾಗೆ. ವಿವರ ಕೇಳದಿದ್ದಾಗ ಮನುಷ್ಯರು ಮಾಡುವುದು ದನಿ ಏರಿಸುವ ಕೆಲಸ, ಆದರೆ ಗದ್ದಲವನ್ನು ಏಳು ಡೆಸಿಬೆಲ್ ಇಳಿಸುವುದೂ ಸಂಗೀತವನ್ನು ಏಳು ಡೆಸಿಬೆಲ್ ಏರಿಸುವುದೂ ಈ ದೃಷ್ಟಿಯಿಂದ ಒಂದೇ, ಮತ್ತು ಮೊದಲನೆಯದಕ್ಕೆ ನೆರೆಯವರ ತಕರಾರಿಲ್ಲ.

ಇನ್ವರ್ಟರನ್ನು ಎಲೆಕ್ಟ್ರಿಷಿಯನ್ ಒಬ್ಬರು ಯುಟಿಲಿಟಿಗೆ ಸಾಗಿಸಿದರು. ಫ್ಯಾನಿನ ವಿಷಯದಲ್ಲಿ ಒಂದು ಸಣ್ಣ ಪತ್ತೆಯಾಯಿತು: ವೇಗ ಇಳಿಸಿದರೂ ಮೋಟಾರು ಝೇಂಕರಿಸುತ್ತಿತ್ತು. ಕಾರಣ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಟ್ರಯಾಕ್ ಬಳಸುವ ಇಂಥವು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕಳಿಸುವುದರಿಂದ ಮೋಟಾರಿನ ಸುರುಳಿಗಳು ಗುನುಗುತ್ತವೆ, ಕೆಲವೊಮ್ಮೆ ಆ ಕಿರಿಕಿರಿ ಆಂಪ್ಲಿಫೈಯರಿನ ಒಳಕ್ಕೂ ಬಂದು ಸೇರುತ್ತದೆ. ಅದರ ಜಾಗದಲ್ಲಿ ಹಂತಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿ ಫ್ಯಾನನ್ನು ಎರಡರಲ್ಲಿ ಇಟ್ಟಾಗ ಆ್ಯಪ್ ತೋರಿಸಿದ್ದು 36. ಎಂಟು ಡೆಸಿಬೆಲ್ಲಿನ ಲಾಭ. ಅಂಗಡಿಯ ಯಾವ ಆಂಪ್ಲಿಫೈಯರೂ ಇಷ್ಟು ಅಗ್ಗಕ್ಕೆ ಇಷ್ಟು ಕೊಡಲಾರದು. ಅಡುಗೆಮನೆಯ ಫ್ರಿಜ್ಜು ಆಗಾಗ ಸದ್ದು ಮಾಡುತ್ತಲೇ ಇತ್ತು, ಅದಕ್ಕೆ ಬಾಗಿಲು ಮುಚ್ಚುವುದರ ಹೊರತು ಬೇರೆ ಉಪಾಯ ತೋಚಲಿಲ್ಲ.

ಜಾಗ

ಸ್ಪೀಕರನ್ನು ಗೋಡೆಯಿಂದ ದೂರ ಇಡಬೇಕು ಎಂಬ ಸಲಹೆ ಜೋರಾಗಿ ಕೇಳುವವರಿಗೆ ಹೇಳಿದ್ದು. ಅಲ್ಲಿ ಬಾಸ್ ಉಬ್ಬರಿಸುವುದು ಸಮಸ್ಯೆ. ಇಲ್ಲಿ ಬಾಸ್ ಸಾಲದಿರುವುದೇ ಸಮಸ್ಯೆ. ಕೆಳಸ್ವರಗಳ ಅಲೆ ಸ್ಪೀಕರಿನ ಸುತ್ತ ಎಲ್ಲ ದಿಕ್ಕಿಗೂ ಹರಡಿ, ಹಿಂದಿನ ಗೋಡೆಗೆ ಬಡಿದು ಮರಳಿ ಮುಂದಕ್ಕೆ ಬರುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ ಎಷ್ಟು ದೂರವಿದೆಯೋ ಅದರ ನಾಲ್ಕು ಪಟ್ಟು ಉದ್ದದ ಅಲೆ ಮರಳಿ ಬರುವಾಗ ನೇರ ಅಲೆಗೆ ಸರಿಯಾಗಿ ಎದುರಾಗಿ ನಿಂತು ಅದನ್ನು ಅಳಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ, 60 ಸೆಂಟಿಮೀಟರಿಗೆ ಅಳಿಯುವ ಸ್ವರ 143 ಹರ್ಟ್ಸ್.

ಈ ಅಂಕಿ ನನ್ನ ಗಮನ ಸೆಳೆಯಿತು. ಈ ಮನೆಯವರು ಹೆಚ್ಚಾಗಿ ಕೇಳುವುದು ಧಾರವಾಡದ ಕಡೆಯ ಗಂಡು ಕಂಠಗಳ ಹಿಂದೂಸ್ತಾನಿ ಗಾಯನ. ಗಂಡು ದನಿಯ ಷಡ್ಜ ಕಪ್ಪು ಒಂದರ ಆಸುಪಾಸಿನಲ್ಲಿದ್ದರೆ, ಅಂದರೆ ಪಾಶ್ಚಾತ್ಯರ ಸಿ ಶಾರ್ಪಿನಲ್ಲಿದ್ದರೆ, ತಂಬೂರಿಯ ಜೋಡಿತಂತಿಗಳ ಮೂಲಸ್ವರ ಸುಮಾರು 139 ಹರ್ಟ್ಸ್, ಮಂದ್ರ ಷಡ್ಜದ ತಂತಿಯದು ಅದರ ಅರ್ಧ, 69 ಹರ್ಟ್ಸ್. ಜೋಡಿತಂತಿಗಳ ಮೂಲಸ್ವರವೇ ಹೊಂಡಕ್ಕೆ ಬೀಳುತ್ತಿತ್ತು. ಉಳಿಯುತ್ತಿದ್ದದ್ದು ಮೂಲಸ್ವರದ ಮೇಲೆ ಹುಟ್ಟುವ ಅನುಸ್ವರಗಳ ಜವಾರಿ, ಅಂದರೆ ಝೇಂಕಾರ, ಮಾತ್ರ. ತಗಡಿನಂತೆ ಕೇಳುತ್ತದೆ ಎಂದು ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಯುಮಿಕ್-1 ಎಂಬ ಅಳತೆಯ ಮೈಕನ್ನೂ ರೂಮ್ ಇಕ್ಯು ವಿಝರ್ಡ್ ಎಂಬ ಉಚಿತ ತಂತ್ರಾಂಶವನ್ನೂ ಬಳಸಿ ನೋಡಿದಾಗ 140 ಹರ್ಟ್ಸಿನ ಬಳಿ ಆಳವಾದ ತಗ್ಗು ಕಾಣಿಸಿತು. ಹೀಗೆ ಅಳಿದುಹೋದ ಸ್ವರವನ್ನು, ಬೇಕಾದ ಸ್ವರಗಳನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಸರಿನಿಂದ ತುಂಬಲಾಗುವುದಿಲ್ಲ, ಏಕೆಂದರೆ ನೇರ ಅಲೆಯನ್ನು ಎಷ್ಟು ಏರಿಸುತ್ತೇವೆಯೋ ಎದುರಿನ ಅಲೆಯೂ ಅಷ್ಟೇ ಏರುತ್ತದೆ.

ಎರಡನೆಯ ತೊಂದರೆ ಸೋಫಾದಲ್ಲಿತ್ತು. 4.9 ಮೀಟರ್ ಉದ್ದದ ಕೋಣೆಯಲ್ಲಿ, ಉದ್ದಕ್ಕೆ ಸರಿಯಾಗಿ ಒಂದು ಪೂರ್ತಿ ಅಲೆ ಕೂರುವ ಸ್ವರ 70 ಹರ್ಟ್ಸ್. ಆ ನಿಂತ ಅಲೆಗೆ ಎರಡು ತುದಿಗಳಲ್ಲೂ ನಡುಮಧ್ಯದಲ್ಲೂ ಉಬ್ಬು. ಕಾಲುಭಾಗ ಮತ್ತು ಮುಕ್ಕಾಲುಭಾಗದ ದೂರಗಳಲ್ಲಿ ಶೂನ್ಯ. ಮುಕ್ಕಾಲುಭಾಗ ಎಂದರೆ ಮುಂದಿನ ಗೋಡೆಯಿಂದ (ಸ್ಪೀಕರುಗಳ ಬೆನ್ನಿಗಿರುವ ಗೋಡೆ) 3.7 ಮೀಟರ್ ಹತ್ತಿರ. ಸೋಫಾದಲ್ಲಿ ಕುಳಿತವರ ಕಿವಿ ಇದ್ದದ್ದು ನಾಲ್ಕು ಮೀಟರಿನಲ್ಲಿ. ಹೀಗೆ ಜೋಡಿತಂತಿಯನ್ನು ಗೋಡೆಯೂ ಮಂದ್ರದ ತಂತಿಯನ್ನು ಕೋಣೆಯೂ ಹಂಚಿಕೊಂಡು ಕಳವು ಮಾಡಿದ್ದವು. ಇನ್ನು 160 ವ್ಯಾಟ್ ತಂದು ಯಾರನ್ನು ಎಬ್ಬಿಸುವುದು?

ಸ್ಪೀಕರುಗಳನ್ನು ಹಿಂದಕ್ಕೆ ಸರಿಸಿ ಮುಖ ಗೋಡೆಯಿಂದ 32 ಸೆಂಟಿಮೀಟರ್ ಇರುವಂತೆ ಮಾಡಿದೆವು. ಅದಕ್ಕಿಂತ ಹತ್ತಿರ ಹೋಗಲು ಪೆಟ್ಟಿಗೆಯ ಆಳವೂ ಹಿಂದಿನ ಗಾಳಿಕಿಂಡಿಯೂ ಬಿಡಲಿಲ್ಲ. ಅಳಿಯುವ ಸ್ವರ ಈಗ 268 ಹರ್ಟ್ಸಿಗೆ ಏರಿತು. ಅಲ್ಲಿ ಪೆಟ್ಟಿಗೆ ಶಬ್ದವನ್ನು ಹಿಂದಕ್ಕೆ ಹರಡುವುದು ಕಡಿಮೆಯಾದ್ದರಿಂದ ತಗ್ಗೂ ಮೊದಲಿನಷ್ಟು ಆಳವಾಗಿರಲಿಲ್ಲ. ಜೊತೆಗೆ 120 ಹರ್ಟ್ಸಿನ ಕೆಳಗೆ ಗೋಡೆಯ ನೆರವಿನಿಂದ ಎರಡು ಮೂರು ಡೆಸಿಬೆಲ್ ಪುಕ್ಕಟೆಯಾಗಿ ಸಿಕ್ಕಿತು.

ಕುಳಿತುಕೊಳ್ಳುವ ಜಾಗದ ಬಗ್ಗೆ ಮನೆಯೊಳಗೆ ಸ್ವಲ್ಪ ಚರ್ಚೆ ನಡೆಯಿತು. ನನ್ನ ಸಲಹೆ, ಸೋಫಾವನ್ನು ಇದ್ದಲ್ಲೇ ಬಿಟ್ಟು, ರಾತ್ರಿ ಕೇಳುವಾಗ ಮಾತ್ರ ಎರಡು ಬೆತ್ತದ ಕುರ್ಚಿಗಳನ್ನು ಮುಂದಿನ ಗೋಡೆಯಿಂದ ಎರಡು ಮೀಟರಿನಲ್ಲಿ ಹಾಕಿಕೊಳ್ಳುವುದು. ಹಜಾರದ ನಡುವೆ ಕುರ್ಚಿ ಹಾಕಿಕೊಂಡು ಕೂರುವುದು ಚೆಂದವಲ್ಲ ಎಂಬ ಆಕ್ಷೇಪ ಬಂತು, ನ್ಯಾಯವಾದದ್ದೇ. ಆದರೆ ಒಂದು ಸಂಜೆ ಕೇಳಿ ನೋಡಿದ ಮೇಲೆ ಆಕ್ಷೇಪಿಸಿದವರೇ ಎರಡನೆಯ ಕುರ್ಚಿಯನ್ನು ಎಳೆದುಕೊಂಡರು. ಸ್ಪೀಕರಿನಿಂದ ಕಿವಿಗೆ ಈಗ ಸುಮಾರು 1.7 ಮೀಟರ್, ಅಂದರೆ ಮೊದಲಿನ ಅರ್ಧ. ನೇರ ಶಬ್ದ ಆರು ಡೆಸಿಬೆಲ್ ಏರುತ್ತದೆ. ಒಟ್ಟು ಮಟ್ಟ ಅಷ್ಟು ಏರುವುದಿಲ್ಲ, ಮಾಪಕದಲ್ಲಿ ಮೂರರಷ್ಟು ಮಾತ್ರ ಹೆಚ್ಚಾಯಿತು, ಏಕೆಂದರೆ ಟೈಲ್ಸು ಮತ್ತು ಗಾರೆಯ ಇಂಥ ಕೋಣೆಯಲ್ಲಿ ಒಂದು ಮೀಟರ್ ದಾಟಿದರೆ ಗೋಡೆಗಳಿಂದ ಮರಳಿದ ಶಬ್ದವೇ ಮೇಲುಗೈ ಪಡೆದಿರುತ್ತದೆ. ಆದರೆ ಕಿವಿಗೆ ಮುಖ್ಯವಾದದ್ದು ಇವೆರಡರ ಅನುಪಾತ. ಗಮಕದ ಅಂಚು, ಹಾರ್ಮೋನಿಯಮ್ಮಿನ ಉಸಿರು, ಸಾಹಿತ್ಯದ ವ್ಯಂಜನಗಳು ನೇರ ಶಬ್ದದಲ್ಲಿರುತ್ತವೆ. ಜೋರಾಗಿ ಕೇಳುವಾಗ ಇವು ಹೇಗೋ ದಾಟಿಬರುತ್ತವೆ. ಮೆಲ್ಲಗೆ ಕೇಳುವಾಗ ಅನುರಣನದ ಅಡಿಯಲ್ಲಿ ಹೂತುಹೋಗುತ್ತವೆ. ಕುರ್ಚಿಯ ಮುಂದೆ ದಪ್ಪನೆಯ ಜಮಖಾನ, ಗಾಜಿನ ಬಾಗಿಲಿಗೆ ನೆರಿಗೆ ಹೆಚ್ಚಿರುವ ಪರದೆ, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರು ಕಿವಿಯ ಎತ್ತರಕ್ಕೆ ಬರುವಂತೆ ಸ್ಟ್ಯಾಂಡಿನ ಹೊಂದಿಕೆ, ಇಷ್ಟನ್ನು ಸೇರಿಸಿದೆವು. ಹೊಸ ಜಾಗ 70 ಹರ್ಟ್ಸಿನ ನಡು ಉಬ್ಬಿಗೆ ಹತ್ತಿರವಾದ್ದರಿಂದ ಮಂದ್ರದ ತಂತಿಯೂ ಮರಳಿತು.

ಗುಂಡಿಯ ಕೆಳಗಿನ ತುದಿ

ಅಲ್ಲಿಯವರೆಗೆ ಯಾರೂ ಹೇಳದಿದ್ದ ಇನ್ನೊಂದು ದೋಷ ಈಗ ಹೊರಬಿತ್ತು: ರಾತ್ರಿಯ ಮಟ್ಟದಲ್ಲಿ ಗಾಯಕ ನಡುವೆ ನಿಲ್ಲದೆ ಬಲಕ್ಕೆ ವಾಲಿದ್ದ. ಸ್ಟ್ರೀಮರ್ ಎರಡು ವೋಲ್ಟಿನಷ್ಟು ಬಲವಾದ ಸಂಕೇತ ಕೊಡುತ್ತದೆ, ಆಂಪ್ಲಿಫೈಯರ್ ಅದನ್ನು ಇನ್ನಷ್ಟು ಏರಿಸುತ್ತದೆ. ಹೀಗಾಗಿ ಮೆಲುದನಿಗೆ ಗುಂಡಿ ಅದರ ಪಯಣದ ಮೊದಲ ಮಿಲಿಮೀಟರುಗಳಲ್ಲೇ ನಿಂತಿರಬೇಕಾಗುತ್ತದೆ. ಗುಂಡಿಯ ಒಳಗೆ ದನಿಯನ್ನು ಏರಿಸಿ ಇಳಿಸುವ ಜೋಡಿ ಪೊಟೆನ್ಶಿಯೋಮೀಟರುಗಳ ಎಡಬಲ ಪಟ್ಟಿಗಳು ಆ ತುದಿಯಲ್ಲಿ ಒಂದಕ್ಕೊಂದು ಸರಿಹೊಂದುವುದಿಲ್ಲ. ದನಿಯನ್ನು ಸ್ಟ್ರೀಮರಿನಲ್ಲೇ ಇಳಿಸುವುದು ಒಂದು ದಾರಿ. ಡಿಜಿಟಲ್ ಆಗಿ ಇಳಿಸಿದರೆ ಗುಣ ಕೆಡುತ್ತದೆಂಬ ಹಳೆಯ ಅಂಜಿಕೆಗೆ ಈಗ ಆಧಾರವಿಲ್ಲ. ಒಂದು ಬಿಟ್ ಆರು ಡೆಸಿಬೆಲ್ಲಿಗೆ ಸಮ, 16 ಬಿಟ್ಟಿನ ಧ್ವನಿಮುದ್ರಣವನ್ನು 24 ಬಿಟ್ಟಿನ ಹಾದಿಯಲ್ಲಿ ಕಳಿಸುವಾಗ 48 ಡೆಸಿಬೆಲ್ಲಿನಷ್ಟು ಇಳಿಸಲು ಜಾಗವಿರುತ್ತದೆ. ಆದರೂ ಬೇಡವೆಂದೆವು, ಏಕೆಂದರೆ ಮನೆಯ ಬೇರೆ ಯಾರಾದರೂ ಫೋನಿನಿಂದ ಸ್ಟ್ರೀಮರನ್ನು ಪೂರ್ತಿ ಏರಿಸಿಬಿಟ್ಟರೆ ನಡುರಾತ್ರಿ ಇಡೀ ಮಹಡಿ ಎದ್ದು ಕೂರುತ್ತದೆ. ಸ್ಟ್ರೀಮರಿಗೂ ಆಂಪ್ಲಿಫೈಯರಿಗೂ ನಡುವೆ ಸಂಕೇತವನ್ನು 12 ಡೆಸಿಬೆಲ್ ತಗ್ಗಿಸುವ ಸಣ್ಣ ಅಟೆನ್ಯುಯೇಟರುಗಳನ್ನು ಸಿಕ್ಕಿಸಿದ್ದರಿಂದ ಗುಂಡಿ ಗಡಿಯಾರದ ಹತ್ತರ ಸ್ಥಾನಕ್ಕೆ ಬಂತು, ಗಾಯಕ ನಡುವಿಗೆ ಬಂದ, ಮೆಲ್ಲಗೆ ಏರಿಸಿ ಇಳಿಸಲು ಕೈಗೂ ಹಿಡಿತ ಸಿಕ್ಕಿತು.

ಕೆಳಸ್ವರಗಳನ್ನು ಮರಳಿಸುವುದು

ಆಂಪ್ಲಿಫೈಯರಿನಲ್ಲಿ ಲೌಡ್‌ನೆಸ್ ಎಂಬ ಒತ್ತುಗುಂಡಿ ಇತ್ತು. ಅದರ ಉದ್ದೇಶ ಇದೇ ಕಿವಿಯ ನಷ್ಟವನ್ನು ತುಂಬುವುದು, ಆದರೆ ಅದು ಕುರುಡು: ಸ್ಪೀಕರ್ ಎಷ್ಟು ಸೂಕ್ಷ್ಮ, ಕೇಳುವವರು ಎಷ್ಟು ದೂರ, ಮುದ್ರಣ ಎಷ್ಟು ಜೋರು ಎಂಬ ಯಾವುದೂ ಅದಕ್ಕೆ ತಿಳಿಯದು. ಒತ್ತಿದರೆ ಒಂದೇ ಅಚ್ಚಿನ ಏರಿಕೆ. ಯಮಾಹಾದವರ ಕೆಲವು ಆಂಪ್ಲಿಫೈಯರುಗಳಲ್ಲಿ ಇದನ್ನೇ ಹೆಚ್ಚುಕಡಿಮೆ ಮಾಡಬಲ್ಲ ತಿರುಗುಗುಂಡಿ ಇದೆ, ಡೆನಾನ್ ಮುಂತಾದವರ ಎವಿ ರಿಸೀವರುಗಳಲ್ಲಿ ಬರುವ ಆಡಿಸ್ಸಿ ಡೈನಾಮಿಕ್ ಇಕ್ಯು ಕೋಣೆಯನ್ನು ಅಳೆದು ಮಟ್ಟಕ್ಕೆ ತಕ್ಕಂತೆ ಸರಿಪಡಿಸುತ್ತದೆ. ಅವು ಸರಿಯಾದ ವಿಧಾನಗಳು. ಈ ಮನೆಯ ಒತ್ತುಗುಂಡಿಗೆ ಇನ್ನೊಂದು ದೋಷವಿತ್ತು. ಬಾಸ್ ಜೊತೆಗೆ ಅದು ಟ್ರೆಬಲನ್ನೂ, ಅಂದರೆ ಮೇಲಿನ ಸ್ವರಗಳನ್ನೂ, ಏರಿಸುತ್ತಿತ್ತು. ಸಮಶ್ರವಣ ರೇಖೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಮಟ್ಟ ಬದಲಾದಂತೆ ಆಕಾರ ಬದಲಾಗುವುದು ಬಹುತೇಕ ಕೆಳಸ್ವರಗಳ ಕಡೆ ಮಾತ್ರ. ಮೇಲಿನ ಸ್ವರಗಳ ಕಡೆ ಅವು ಹೆಚ್ಚುಕಡಿಮೆ ಸಮಾನಾಂತರ. ಏರಿಸಿದ ಟ್ರೆಬಲಿನಿಂದ ಸಿಕ್ಕಿದ್ದು ಜವಾರಿಯ ಕರ್ಕಶತೆ ಮತ್ತು ಸಕಾರ ಶಕಾರಗಳ ಸಿಳ್ಳು.

ಹಾಗಾಗಿ ಆ ಗುಂಡಿಯನ್ನು ಬಿಟ್ಟು ಸ್ಟ್ರೀಮರಿನ ಪ್ಯಾರಾಮೆಟ್ರಿಕ್ ಈಕ್ವಲೈಸರಿನಲ್ಲಿ ಒಂದೇ ಒಂದು ಲೋ ಶೆಲ್ಫ್ ಸೋಸಣಿಗೆಯನ್ನು (ಗೊತ್ತುಮಾಡಿದ ಸ್ವರದ ಕೆಳಗಿನದನ್ನೆಲ್ಲ ಒಟ್ಟಿಗೆ ಏರಿಸುವಂಥದ್ದು) 110 ಹರ್ಟ್ಸಿಗೆ ಹಾಕಿದೆವು. ಏಳು ಡೆಸಿಬೆಲ್ ಬೇಕೆಂದು ಲೆಕ್ಕ ಹೇಳಿದರೂ ಅದರಲ್ಲಿ ಎರಡು ಮೂರನ್ನು ಗೋಡೆ ಈಗಾಗಲೇ ಕೊಟ್ಟಿತ್ತು, ಉಳಿದದ್ದು ನಾಲ್ಕೈದು. ಕೆಳಸ್ವರಗಳಲ್ಲಿ ಸಮಶ್ರವಣ ರೇಖೆಗಳು ಒತ್ತೊತ್ತಾಗಿರುವುದರಿಂದ ಸಣ್ಣ ಏರಿಕೆಯೂ ಕಿವಿಗೆ ದೊಡ್ಡದಾಗಿ ತೋರುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಐದು ಇಂಚು ವೂಫರಿಗೆ ಬಾಸ್ ಏರಿಸಿದರೆ ಹರಿದುಹೋದೀತೆಂಬ ಭಯ ಹಗಲಿನ ಮಟ್ಟಕ್ಕೆ ನಿಜ, ರಾತ್ರಿಯ ಮಟ್ಟಕ್ಕಲ್ಲ. ಐದು ಡೆಸಿಬೆಲ್ ಏರಿಸಿದರೂ ಮಿಲಿವ್ಯಾಟುಗಳು ಮೂರು ಪಟ್ಟಾಗುತ್ತವೆ, ಅಷ್ಟೆ. ಮೆಲುದನಿಯಲ್ಲಿ ಚಿಕ್ಕ ಸ್ಪೀಕರೂ ದೊಡ್ಡ ಸ್ಪೀಕರಿನಷ್ಟೇ ನಿರಾಳವಾಗಿರುತ್ತದೆ, ಎದೆಯೆತ್ತರದ ಪೆಟ್ಟಿಗೆಗಳ ಮುಖ್ಯ ಅನುಕೂಲವೊಂದು ಆ ಹೊತ್ತಿಗೆ ನಿರುಪಯೋಗಿಯಾಗುತ್ತದೆ.

ಇಂಥ ಹೊಂದಾಣಿಕೆ ಉಳಿಯಬೇಕಾದರೆ ಬರುವ ಸಂಗೀತದ ಮಟ್ಟ ಹಾಡಿನಿಂದ ಹಾಡಿಗೆ ಹಾರಬಾರದು. ಸ್ಪಾಟಿಫೈ ಮುಂತಾದ ಸೇವೆಗಳು ಮಟ್ಟವನ್ನು ಸರಿಗಟ್ಟುವ ಆಯ್ಕೆ ಕೊಡುತ್ತವೆ. ಸ್ಪಾಟಿಫೈಯಲ್ಲಿ ಅದರ ಸಾಮಾನ್ಯ ಗುರಿ ಋಣ 14 ಎಲ್‌ಯುಎಫ್‌ಎಸ್ (ಮುದ್ರಣ ಕಿವಿಗೆ ಎಷ್ಟು ಜೋರೆಂದು ಅಳೆಯುವ ಮಾನ). ಆಡಿಯೋ ಪ್ರಿಯರು ಇದನ್ನು ನಿಲ್ಲಿಸಿಡುವುದೇ ಹೆಚ್ಚು. ಇಲ್ಲಿ ಅದನ್ನು ಹಾಕಿಡಲು ಹೇಳಿದೆ. ಹಗಲಿಗೆ ಶೆಲ್ಫ್ ಇಲ್ಲದ ಇನ್ನೊಂದು ಹೊಂದಿಕೆಯನ್ನು ಉಳಿಸಿಟ್ಟಿದ್ದೇವೆ.

ಕೆಳಗಿನ ಮನೆ

ಬಾಸ್ ಏರಿಸಿದರೆ ಕೆಳಗಿನವರಿಗೆ ತೊಂದರೆಯಾಗದೆ ಎಂಬ ಪ್ರಶ್ನೆಗೆ ಉತ್ತರ ಅದೇ ಕಿವಿಯ ರೇಖೆಗಳಲ್ಲಿದೆ. 50 ಹರ್ಟ್ಸಿನ ಸ್ವರ ಕೇಳಿಸಬೇಕಾದರೆ ಅದು ಕನಿಷ್ಠ 44 ಡೆಸಿಬೆಲ್ ಇರಬೇಕು, 100 ಹರ್ಟ್ಸಾದರೆ ಸುಮಾರು 26. ಮೇಲೆ 60 ಅಥವಾ 65 ಡೆಸಿಬೆಲ್ ಇರುವ ಕೆಳಸ್ವರ, ಆರು ಇಂಚಿನ ಕಾಂಕ್ರೀಟ್ ಚಪ್ಪಡಿಯಲ್ಲಿ ಮೂವತ್ತೈದು ನಲವತ್ತು ಕಳೆದುಕೊಂಡು ಕೆಳಗೆ ಇಳಿಯುವ ಹೊತ್ತಿಗೆ ಕೇಳಿಸುವ ಗಡಿಯ ಅಂಚಿನಲ್ಲೋ ಅದರ ಕೆಳಗೋ ಇರುತ್ತದೆ, ಮತ್ತು ಅಲ್ಲಿಯೂ ಒಂದು ಫ್ಯಾನ್ ಓಡುತ್ತಿರುತ್ತದೆ. ನಮ್ಮಿಂದ ಬಾಸ್ ಕಸಿದುಕೊಳ್ಳುವ ಕಿವಿಯ ಸ್ವಭಾವವೇ ಕೆಳಗಿನವರನ್ನು ಕಾಯುತ್ತದೆ.

ಆದರೂ ಲೆಕ್ಕವನ್ನೇ ನಂಬಿ ಕೂರುವಂತಿರಲಿಲ್ಲ. ಕೆಳಗಿನವರ ಒಪ್ಪಿಗೆ ಪಡೆದು ಅವರ ಮಲಗುವ ಕೋಣೆಯಲ್ಲಿ ನಿಂತು ಕೇಳಿದೆವು. ಶೆಲ್ಫನ್ನು ಎಂಟಕ್ಕೆ ಏರಿಸಿದಾಗ, ಮೃದಂಗದ ತನಿಯಲ್ಲಿ ಎಡಗೈಯ ಪೆಟ್ಟುಗಳು ಎಲ್ಲೋ ದೂರದಲ್ಲಿ ಬಾಗಿಲು ಹಾಕಿದ ಹಾಗೆ ಕೇಳಿದವು. ಐದಕ್ಕೆ ಇಳಿಸಿದಾಗ ಏನೂ ಇರಲಿಲ್ಲ. ಐದರಲ್ಲೇ ನಿಲ್ಲಿಸಿದೆವು. ಇಲ್ಲಿ ಮಾಪಕವನ್ನು ನಂಬಬಾರದೆಂದು ಒತ್ತಿ ಹೇಳಬೇಕು. ಡೆಸಿಬೆಲ್ ಎ ಎಂಬ ಅಳತೆ 100 ಹರ್ಟ್ಸಿನಲ್ಲಿ 19, 50 ಹರ್ಟ್ಸಿನಲ್ಲಿ 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಬಾಸನ್ನು ಎಂಟು ಏರಿಸಿದರೂ ಮುಳ್ಳು ಹೆಚ್ಚೇನೂ ಅಲುಗುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ನಿಗದಿಪಡಿಸಿದ 45ರ ಮಿತಿಯೂ ಇದೇ ಎ ತೂಕದ್ದು, ಹಾಗಾಗಿ ಮಿತಿಯೊಳಗಿದ್ದೂ ನೆರೆಯವರ ನಿದ್ದೆ ಕೆಡಿಸುವುದು ಸಾಧ್ಯ. ಸಬ್‌ವೂಫರ್ ಸೇರಿಸಬಹುದೇ ಎಂದು ಅವರು ಕೇಳಿದಾಗ ಬೇಡವೆಂದು ಹೇಳಿದ್ದಕ್ಕೆ ಕಾರಣ ಇದು. ನೆಲದ ಮೇಲೆ ಕೂರುವ, ಚಪ್ಪಡಿಗೇ ಕಂಪನವನ್ನು ಕೊಡಬಲ್ಲ ಪೆಟ್ಟಿಗೆ ಈ ಮನೆಗೆ ಅನವಶ್ಯಕ. ಇವರು ಕೇಳುವ ಸಂಗೀತದಲ್ಲಿ 60 ಹರ್ಟ್ಸಿನ ಕೆಳಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಉಳಿದದ್ದು

ಗದ್ದಲ 44ರಿಂದ 36ಕ್ಕೆ ಇಳಿದು, ಕುರ್ಚಿಯ ಬಳಿ ಸಂಗೀತ 54ರಿಂದ 57ಕ್ಕೆ ಏರಿ, ನಡುವಿನ ಅಂತರ ಹತ್ತರಿಂದ ಇಪ್ಪತ್ತೊಂದಾಯಿತು. ಸ್ಪೀಕರಿನಿಂದ ಹೊರಡುವ ಮಧ್ಯಸ್ವರಗಳ ದನಿ ಮಾತ್ರ ಮೊದಲಿದ್ದಷ್ಟೇ. ಖರ್ಚಾದದ್ದು ರೆಗ್ಯುಲೇಟರು, ಅಟೆನ್ಯುಯೇಟರು, ಜಮಖಾನ, ಪರದೆ ಮತ್ತು ಎಲೆಕ್ಟ್ರಿಷಿಯನ್ನನ ಕೂಲಿ. ಆಂಪ್ಲಿಫೈಯರ್ ಮಾರುವ ಮಾತು ಮತ್ತೆ ಬರಲಿಲ್ಲ.

ಬಗೆಹರಿಯದ ಸಂಗತಿಗಳೂ ಇವೆ. ಇಪ್ಪತ್ತೊಂದು ಡೆಸಿಬೆಲ್ಲಿನ ಅಂತರ ಹಳೆಯ ಆಕಾಶವಾಣಿ ಮುದ್ರಣಗಳಿಗೆ, ಚಿತ್ರಗೀತೆಗಳಿಗೆ ಧಾರಾಳ, ಏಕೆಂದರೆ ಅವುಗಳ ಏರಿಳಿತವೇ ಕಡಿಮೆ. ವೇದಿಕೆಯಲ್ಲಿ ನೇರವಾಗಿ ಮುದ್ರಿಸಿದ ದೀರ್ಘ ರುದ್ರವೀಣೆಯ ಆಲಾಪಕ್ಕೆ ಅದು ಸಾಲದು. ಏರಿಳಿತವನ್ನು ಹಿಸುಕುವ ಕಂಪ್ರೆಸರ್ ಹಾಕಿ ನೋಡಿದೆವು. ನಾದ ಆರುವ ಕ್ಷಣದಲ್ಲಿ ಹಿನ್ನೆಲೆಯ ಸದ್ದು ಉಬ್ಬಿ ಬರುವುದು ಇಬ್ಬರಿಗೂ ಸಹಿಸಲಾಗಲಿಲ್ಲ, ತೆಗೆದುಬಿಟ್ಟೆವು. ಅಂಥ ಮುದ್ರಣಗಳನ್ನು ಅವರು ಈಗ ಭಾನುವಾರಕ್ಕೆ ಎತ್ತಿಡುತ್ತಾರೆ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಫ್ಯಾನನ್ನು ಎರಡರಲ್ಲಿ ಇಟ್ಟರೆ ಸೆಖೆ ತಡೆಯದು. ನಾಲ್ಕಕ್ಕೆ ಏರಿಸಿದ ರಾತ್ರಿಗಳಲ್ಲಿ ಗದ್ದಲ 43ರ ಹತ್ತಿರ ಹೋಗುತ್ತದೆ, ತಂಬೂರಿಯ ಒಂದು ಪಾಲು ಮತ್ತೆ ಮರೆಯಾಗುತ್ತದೆ. ನಿಧಾನಗತಿಯಲ್ಲಿ ಇನ್ನೂ ಶಾಂತವಾಗಿ ತಿರುಗುವ ಬಿಎಲ್‌ಡಿಸಿ ಫ್ಯಾನೊಂದನ್ನು ಹಾಕಿಸುವುದು ಮುಂದಿನ ಬೇಸಿಗೆಗೆ ಮುಂಚೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿದೆ.